ಮೊದಲ ವರ್ಷದ ಕುಂದು

ಕಳೆದ ವರ್ಷ ಯುಗಾದಿಗೆ ಮುಂಚೆ ನಾನೊಂದು ವಿದ್ಯುತ್ ಕಾರನ್ನು ಕೊಂಡೆ. ರಾಯಚೂರಿನ ನಮ್ಮ ಮನೆಯಿಂದ ಅಕ್ಕನ ಊರಿಗೆ ಹೋಗಿ ಬರಲು ೨೦೦ ಕಿಲೋಮೀಟರು. ಹೊಸದರಲ್ಲಿ ಅಷ್ಟು ದೂರ ಓಡಿ ಮನೆ ಸೇರಿದಾಗ ಬ್ಯಾಟರಿಯಲ್ಲಿ ಶೇಕಡ ೩೦ ಉಳಿದಿರುತ್ತಿತ್ತು. ಈ ವರ್ಷ ಅದೇ ಹಾದಿ, ಅದೇ ನಿಧಾನ, ಉಳಿದದ್ದು ೨೫. ಲೆಕ್ಕ ಹಾಕಿದರೆ ಸಾಮರ್ಥ್ಯದಲ್ಲಿ ಸುಮಾರು ಶೇಕಡ ೭ ಕುಂದಿದೆ. ವರ್ಷಕ್ಕೆ ಏಳರಂತೆ ಎಂಟು ವರ್ಷಕ್ಕೆ ಐವತ್ತಾರು! ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಕ್ಕನಿಗೆ ಎಂಬತ್ತು ದಾಟಿದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಹೊರಡಬೇಕಾದವನು ನಾನೊಬ್ಬನೇ.

ಈ ಅಳುಕನ್ನು ನನಗಿಂತ ಮೊದಲೇ, ನನಗಿಂತ ಹೆಚ್ಚಾಗಿ ಅನುಭವಿಸಿದವರು ಅಮೆರಿಕದ ಫೀನಿಕ್ಸ್ ನಗರದವರು. ಅದು ಮರುಭೂಮಿಯ ಊರು. ಬೇಸಗೆಯಲ್ಲಿ ಎಷ್ಟೋ ದಿನ ಬಿಸಿಲು ೪೩ ಡಿಗ್ರಿ ದಾಟುತ್ತದೆ. ನಿಸ್ಸಾನ್ ಕಂಪನಿಯ ಲೀಫ್ ಕಾರು ಆ ದೇಶದಲ್ಲಿ ೨೦೧೦ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಬ್ಯಾಟರಿಯ ಸಾಮರ್ಥ್ಯವನ್ನು ತೋರಲು ಅದರಲ್ಲಿ ಹನ್ನೆರಡು ಗೆರೆಗಳಿದ್ದವು. ೨೦೧೨ರ ಬೇಸಗೆಯಲ್ಲಿ ಅಲ್ಲಿಯ ಹಲವರ ಕಾರಿನಲ್ಲಿ ಗೆರೆಗಳು ಅಳಿಯತೊಡಗಿದವು. ಮೊದಲನೆಯ ಗೆರೆ ಅಳಿಯಿತೆಂದರೆ ಶೇಕಡ ೧೫ರಷ್ಟು ಹೋಯಿತೆಂದೇ ಅರ್ಥ. ಆ ಮಾಲೀಕರು ಬರಿದೇ ಗೊಣಗುತ್ತ ಕೂರಲಿಲ್ಲ. ಸೆಪ್ಟೆಂಬರಿನಲ್ಲಿ ಹನ್ನೆರಡು ಕಾರುಗಳನ್ನು ಒಟ್ಟುಗೂಡಿಸಿ, ಓಡಿಸಿ, ಅಳೆದು ನೋಡಿದರು. ಹೊಸ ಕಾರು ಓಡಬೇಕಾದಷ್ಟು ದೂರ ಅವು ಓಡಲಿಲ್ಲ. ಅದೇ ವರ್ಷದ ಕೊನೆಗೆ ಕಂಪನಿ ೫ ವರ್ಷ ಅಥವಾ ೬೦,೦೦೦ ಮೈಲಿಗಳೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಸರಿಪಡಿಸಿಕೊಡುವ ಭರವಸೆಯನ್ನು ಘೋಷಿಸಿತು. ಅಳತೆ ಕೈಯಲ್ಲಿದ್ದವನ ಮಾತಿಗೆ ತೂಕ ಹೆಚ್ಚು, ನೋಡಿ.

ಹಾಗಾದರೆ ನನ್ನ ಕಾರಿಗೂ ಅದೇ ಗತಿಯೇ? ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ನೆರೆಯವರೊಬ್ಬರು ನನ್ನ ಗುಣಾಕಾರವನ್ನು ಕೇಳಿ ನಕ್ಕರು. ಅವರು ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಯ ಹಗೇವು. ಜೋಳ ತುಂಬಿದ ಹಗೇವಿನಲ್ಲಿ ಗೋಡೆಗೆ ತಾಗಿದ ಕಾಳು ಮುಗ್ಗಿ ಹೆಪ್ಪುಗಟ್ಟುತ್ತದೆ. ಒಳಗಿನ ರಾಶಿಗೆ ಆ ಹೆಪ್ಪೇ ಕಾವಲು. ಲಿಥಿಯಂ ಬ್ಯಾಟರಿಯಲ್ಲಿಯೂ ಮೊದಮೊದಲು ಲಿಥಿಯಂನ ಒಂದು ಪಾಲು ಗ್ರಾಫೈಟಿನ ಮೇಲೆ ತೆಳುವಾದ ಪೊರೆಯಾಗಿ ಸಿಕ್ಕಿಬೀಳುತ್ತದೆ. ಪೊರೆ ದಪ್ಪವಾದಂತೆ ಅದು ಬೆಳೆಯುವ ವೇಗ ತಗ್ಗುತ್ತದೆ. ಆದುದರಿಂದ ಮೊದಲ ವರ್ಷದ ಕುಂದನ್ನು ಎಂಟರಿಂದ ಗುಣಿಸುವುದು ತಪ್ಪು. ಆದರೆ ಶಾಖ ಆ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ. ತುಂಬಿದ ಬ್ಯಾಟರಿಯನ್ನು ಬಿಸಿಲಲ್ಲಿ ನಿಲ್ಲಿಸುವುದಂತೂ ಇನ್ನೂ ಕೇಡು. ಆ ಲೀಫ್ ಕಾರುಗಳ ಬ್ಯಾಟರಿಗೆ ತಂಪುಗೊಳಿಸುವ ದ್ರವವಿರಲಿಲ್ಲ, ಪೆಟ್ಟಿಗೆಯೊಳಗೆ ಗಾಳಿಯಾಡುವ ಏರ್ಪಾಡೂ ಇರಲಿಲ್ಲ. ತಂಪು ಊರುಗಳಲ್ಲಿ ಅದೇ ಕಾರುಗಳು ಎಷ್ಟೋ ಚೆನ್ನಾಗಿ ಬಾಳಿದವು. ನನ್ನ ಕಾರಿನಲ್ಲಿ ದ್ರವದ ವ್ಯವಸ್ಥೆ ಇದೆ. ಬುದ್ಧಿ ಮಾತ್ರ ನನ್ನಲ್ಲಿರಲಿಲ್ಲ: ವೈಶಾಖವೆಲ್ಲ ನೂರು ತುಂಬಿಸಿ ತಗಡಿನ ಚಪ್ಪರದಡಿ ನಿಲ್ಲಿಸಿದ್ದೆ!

ಈಗ ಕಾರು ಬೇವಿನ ನೆರಳಿಗೆ ಬಂದಿದೆ. ನನ್ನ ಕಾರಿನ ಬಗೆಯ ಬ್ಯಾಟರಿಗೆ ದಿನನಿತ್ಯ ಶೇಕಡ ೮೦ ಸಾಕೆಂದು ಕೈಪಿಡಿಯಲ್ಲಿಯೇ ಬರೆದಿದೆ. ಕೊಂಡ ದಿನ ಅದನ್ನು ಓದುವ ವ್ಯವಧಾನ ಯಾರಿಗಿತ್ತು? ತಿಂಗಳಿಗೊಮ್ಮೆ ಉಳಿಕೆಯನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಮೊನ್ನೆ ಅಕ್ಕ ಫೋನಿನಲ್ಲಿ, "ನಿನ್ನ ಕಾರು ನನಗಿಂತ ಮೊದಲೇ ಮುದಿಯಾಯಿತೇನೋ ತಮ್ಮಾ?" ಎಂದಳು. ಎಂಬತ್ತು ತುಂಬಿದ್ದರೆ ಅವಳ ಮನೆ ಮುಟ್ಟುವುದು ಖಚಿತ. ಹಿಂದಿರುಗುವ ಯೋಚನೆಯನ್ನು ಅಲ್ಲಿಯೇ, ಅವಳ ಪಡಸಾಲೆಯಲ್ಲಿ ಕುಳಿತು ಮಾಡಿದರಾಯಿತು.