ತೊಡೆಸಂದಿನ ಹರ್ನಿಯಾ: ಸ್ಕ್ಯಾನ್ ಯಾರಿಗೆ ಬೇಕು?



ತೊಡೆಸಂದಿನಲ್ಲಿ ಒಂದು ಉಬ್ಬು. ನಿಂತಾಗ, ಕೆಮ್ಮಿದಾಗ ಹೊರಗೆ ಬರುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಕಿಬ್ಬೊಟ್ಟೆಯ ಗೋಡೆ ದುರ್ಬಲವಾದ ಕಡೆ ಒಳಗಿನ ಕೊಬ್ಬೋ ಕರುಳೋ ಹೊರಕ್ಕೆ ನುಸುಳುವ ಈ ತೊಂದರೆಯೇ ಹರ್ನಿಯಾ. ಊರಿನಲ್ಲಿ ಹಿರಿಯರು ಇದನ್ನು ಅಂಡವಾಯು ಎನ್ನುವುದುಂಟು. ವೃಷಣದ ಚೀಲದಲ್ಲಿ ನೀರು ತುಂಬಿದರೂ ಅದೇ ಹೆಸರು! ಎರಡೂ ಬೇರೆ ಬೇರೆ ಕಾಯಿಲೆ.

"ಡಾಕ್ಟರು ಬರೀ ಕೈಯಿಂದ ಮುಟ್ಟಿ ನೋಡಿದರು, ಸ್ಕ್ಯಾನೂ ಇಲ್ಲದೆ ಆಪರೇಷನ್ ಅಂದುಬಿಟ್ಟರು" ಎಂದು ಅನುಮಾನಪಡುವವರಿದ್ದಾರೆ. ಅನುಮಾನ ಬೇಡ. ಉಬ್ಬು ಕಣ್ಣಿಗೆ ಕಾಣುತ್ತಿದ್ದು, ಕೆಮ್ಮಿದಾಗ ವೈದ್ಯರ ಕೈಗೆ ತಟ್ಟುತ್ತಿದ್ದರೆ ಅಷ್ಟು ಸಾಕು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೀಗೆಯೇ ಹೇಳುತ್ತದೆ.

ಅಲ್ಟ್ರಾಸೌಂಡ್ ಬೇಕಾಗುವುದು ಸಂಶಯವಿದ್ದಾಗ. ನೋವಿದೆ, ಉಬ್ಬು ಸಿಗುತ್ತಿಲ್ಲ. ಹಿಂದೆ ಆಪರೇಷನ್ ಆದ ಜಾಗದಲ್ಲೇ ಮತ್ತೆ ನೋವು. ಅಥವಾ ರೋಗಿ ಹೆಂಗಸು. ಹೆಂಗಸರಿಗೆ ಹರ್ನಿಯಾ ಕಡಿಮೆ, ನಿಜ. ಆದರೆ ತೊಡೆಯ ದೊಡ್ಡ ರಕ್ತನಾಳದ ಪಕ್ಕದ ಕಿರಿದಾದ ಸಂದಿಯಲ್ಲಿ ಇಳಿಯುವ ಫೆಮೊರಲ್ ಹರ್ನಿಯಾ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ನೋಡಲು ಪುಟ್ಟ ಗಂಟಿನಂತಿರುತ್ತದೆ. ಅದರ ಬಾಯಿ ಕಿರಿದು, ಆದ್ದರಿಂದ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಲ್ಲುವ ಅಪಾಯ ದೊಡ್ಡದು. ಸಂಕೋಚದಿಂದ ತಿಂಗಳುಗಟ್ಟಲೆ ಮುಚ್ಚಿಡುವ ಅಮ್ಮಂದಿರೇ, ಅಕ್ಕಂದಿರೇ, ದಯವಿಟ್ಟು ತೋರಿಸಿಕೊಳ್ಳಿ. ಪರಭಾಷೆಯ ಡಾಕ್ಟರಿಗೆ ಹೇಳುವುದು ಹೇಗೆಂಬ ಚಿಂತೆಯೂ ಇರುತ್ತದೆ. ಹಿಂದಿಯಲ್ಲಿ 'ಜಾಂಘ್' ಅಂದರೆ ತೊಡೆ, ಮರಾಠಿಯವರಿಗೆ ಅದು ತೊಡೆಸಂದು! ಮಾತಿಗಿಂತ ಬೆರಳಿಟ್ಟು ತೋರಿಸುವುದೇ ಮೇಲು.

ಸ್ಕ್ಯಾನ್ ಎಂದರೆ ಬಸಿರಿಯರಿಗೆ ಮಾತ್ರ ಎಂದುಕೊಳ್ಳಬೇಡಿ. ಗರ್ಭಲಿಂಗ ಪತ್ತೆ ಮಾಡುವುದಿಲ್ಲವೆಂಬ ಬೋರ್ಡಿನ ಅದೇ ಕೋಣೆಯಲ್ಲೇ ಇದೂ ನಡೆಯುತ್ತದೆ. ತಣ್ಣನೆಯ ಜೆಲ್ ಹಚ್ಚಿ ತೊಡೆಸಂದಿನ ಮೇಲೆ ಉಪಕರಣ ಆಡಿಸುತ್ತಾರೆ. ಕ್ಷಕಿರಣವಿಲ್ಲ, ನೋವಿಲ್ಲ. ಮುಖ್ಯ ವಿಷಯವೆಂದರೆ, ಸುಮ್ಮನೆ ಮಲಗಿಸಿ ನೋಡಿದರೆ ಹರ್ನಿಯಾ ಒಳಗೇ ಅಡಗಿರಬಹುದು. ಕೆಮ್ಮಿಸಬೇಕು, ಮುಕ್ಕಿಸಬೇಕು, ಬೇಕಾದರೆ ನಿಲ್ಲಿಸಿ ನೋಡಬೇಕು. ಚೀಟಿಯಲ್ಲಿ ಬರೀ 'ಹೊಟ್ಟೆಯ ಸ್ಕ್ಯಾನ್' ಎಂದಿದ್ದರೆ ತೊಡೆಸಂದನ್ನು ನೋಡದೆಯೇ ಕಳಿಸಬಹುದು. ಉಬ್ಬು ಯಾವಾಗ ಬರುತ್ತದೆಂದು ನೀವೇ ಬಾಯಿಬಿಟ್ಟು ಹೇಳಿ.

ಇದರಿಂದ ಶಸ್ತ್ರವೈದ್ಯರಿಗೆ ಹರ್ನಿಯಾ ಯಾವ ಬಗೆಯದು, ಒಳಗಿರುವುದು ಕೊಬ್ಬೋ ಕರುಳೋ, ಇನ್ನೊಂದು ಪಕ್ಕದಲ್ಲೂ ಇದೆಯೋ ಎಂಬುದು ತಿಳಿಯುತ್ತದೆ. ಎರಡೂ ಕಡೆ ಇದ್ದರೆ, ಅಥವಾ ರೋಗಿ ಹೆಂಗಸಾಗಿದ್ದರೆ, ಪರಿಣತರಿರುವ ಕಡೆ ಲ್ಯಾಪರೋಸ್ಕೋಪಿಯಿಂದ ಜಾಲರಿ ಹಾಕುವುದು ಸಾಮಾನ್ಯವಾಗಿ ಒಳ್ಳೆಯ ದಾರಿ.

ಆದರೆ ರಿಪೋರ್ಟಿನಲ್ಲಿ 'ಸಣ್ಣ ಹರ್ನಿಯಾ' ಎಂದು ಕಂಡ ಮಾತ್ರಕ್ಕೆ ಕತ್ತರಿಗೆ ಮೈಯೊಡ್ಡಬೇಕಿಲ್ಲ. ಹೆಚ್ಚು ತೊಂದರೆ ಕೊಡದ ಇಂಗ್ವಿನಲ್ ಹರ್ನಿಯಾ ಇರುವ ಗಂಡಸರು ವೈದ್ಯರ ನಿಗಾದಲ್ಲಿ ಕಾದು ನೋಡಬಹುದೆಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಫೆಮೊರಲ್ ಹರ್ನಿಯಾಕ್ಕೆ ಈ ವಿನಾಯಿತಿ ಇಲ್ಲ. ಇತ್ತ, ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದರೂ ನೋವು ಹೋಗದಿದ್ದರೆ ಮತ್ತೆ ತೋರಿಸಬೇಕು. ಆಗ ಎಂಆರ್‌ಐ ಬೇಕಾಗಬಹುದು.

ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಒಳಗೆ ಹೋಗದೆ, ನೋವು ವಾಂತಿ ಶುರುವಾದರೆ ಮಾತ್ರ ಸ್ಕ್ಯಾನ್ ಸೆಂಟರಿನ ಸಾಲಿನಲ್ಲಿ ನಿಲ್ಲಬೇಡಿ. ಏನೂ ತಿನ್ನದೆ ಕುಡಿಯದೆ, ರಾತ್ರಿಯಾಗಿದ್ದರೂ ಸರಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.