ನೀರ್ ಸಾಬ್
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



ಈ ವರ್ಷದ ಅರ್ಜಿಗಳಲ್ಲಿ ‘ಮುಂದೆ ಏನಾಗಬಯಸುತ್ತೀರಿ’ ಎಂಬಲ್ಲಿ ಡಾಕ್ಟರು, ಇಂಜಿನಿಯರು, ಟೀಚರು ಎಂದು ಬರೆದಿದ್ದೀರಿ. ಸಂತೋಷ. ಶಾಸಕನಾಗಬೇಕು ಎಂದವರು ಒಬ್ಬರೂ ಇಲ್ಲ. ರಾಜಕೀಯ ನಮ್ಮಂಥವರಿಗಲ್ಲ ಎಂಬ ಮಾತನ್ನು ಮನೆಯಲ್ಲಿ ನಾವೇ ನಿಮ್ಮ ಕಿವಿಗೆ ಹಾಕಿದ್ದೇವೆ. ಆದ್ದರಿಂದ ಇಂದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ವಿಷಯ ಹೇಳಬೇಕೆಂದುಕೊಂಡಿದ್ದೇವೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಮುಂದಿನ ವರ್ಷಗಳಲ್ಲಿ ಬರ ಬಂತು. ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರ ಊರುಗಳಲ್ಲಿ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ‘ಸಾಬರು’ ಎಂಬ ಮಾತನ್ನು ಕೆಲವರು ಯಾವ ದನಿಯಲ್ಲಿ ಆಡುತ್ತಾರೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಅದೇ ಮಾತು ಹಳ್ಳಿಗರ ಬಾಯಲ್ಲಿ, ಪಂಪಿನ ಪಕ್ಕದಲ್ಲಿ, ಗೌರವದ ಹೆಸರಾಯಿತು. ಯಾವ ಸನ್ಮಾನ ಸಮಿತಿಯೂ ಕೊಟ್ಟ ಬಿರುದಲ್ಲ ಅದು. (ಇಂದು ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದು, ಆ ಲೆಕ್ಕ ಬೇರೆ, ಅದನ್ನು ನಾವು ಹಿಂದೆ ಬಂದವರು ತೀರಿಸಬೇಕು.)

ಆದರೆ ನಮ್ಮ ಅಭಿಪ್ರಾಯದಲ್ಲಿ ಅವರ ದೊಡ್ಡ ಕೆಲಸ ನೀರಿನದಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ಅವರದು. 1983ರ ಆ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲೆಯ ಶಾಲೆ, ಆಸ್ಪತ್ರೆ, ರಸ್ತೆಗಳ ಕೆಲಸವೂ ಹಣವೂ ವಿಧಾನಸೌಧದಿಂದ ಇಳಿದು ಚುನಾಯಿತ ಪರಿಷತ್ತಿನ ಕೈಗೆ ಬಂದವು. ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಅದರ ಅಧ್ಯಕ್ಷರ ಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೂತರು. ನೂರಕ್ಕೆ 25 ಸ್ಥಾನ ಹೆಂಗಸರಿಗೆ. ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ, ಎಂಬುದನ್ನು ನೆನಪಿಡಿ.

ಸಚಿವರಾದವರು ಅಧಿಕಾರ ಕೂಡಿಸುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇವರು ತಮ್ಮ ಖಾತೆಯನ್ನೇ ಬಿಡಿಸಿ ಹಂಚಿದರು. ಕೆಲವು ಜಿಲ್ಲಾ ಪರಿಷತ್ತುಗಳು ವಿರೋಧ ಪಕ್ಷಕ್ಕೆ ಹೋದವು. ಅಲ್ಲಿಗೂ ಅದೇ ಅಧಿಕಾರ, ಅದೇ ಹಕ್ಕು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬರು ಕೆಲಸ ಹಂಚುವುದು ಶಾಸಕರಿಗೆ ಹಿಡಿಸಲಿಲ್ಲ. ಕೊಳವೆ ಬಾವಿ ಕೊರೆಸಿದರೆ ಕೈ ಮುಗಿಯುವವರು ಸಿಗುತ್ತಾರೆ. ಅಧಿಕಾರ ಹಂಚಿದವನಿಗೆ ಪಕ್ಕದ ಕುರ್ಚಿಯವನ ಮುನಿಸೇ ಗತಿ.

1988ರ ಅಕ್ಟೋಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಸಚಿವರಾಗಿ ಸಿಕ್ಕಿದ್ದು ಆರು ವರ್ಷಕ್ಕೂ ಕಡಿಮೆ. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಈಗ ಅವರದೇ ಹೆಸರಿದೆ. ಆ ಕಡೆ ಓದುತ್ತಿರುವವರು ಒಮ್ಮೆ ಹೋಗಿ ನೋಡಿ ಬನ್ನಿ.

ಒಂದು ಸೂಚನೆ. ಬರುವ ವರ್ಷ ನವೀಕರಣದ ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪತ್ರ ಎಂದಿನಂತೆ ಇರಲಿ. ಅದರೊಂದಿಗೆ ಒಂದು ಪುಟ ಬರೆದು ತನ್ನಿ: ನಿಮ್ಮೂರಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಗೆ ಹೋಗಿ, ಅಲ್ಲಿ ಯಾರು ಏನು ಕೇಳಿದರು, ಏನು ಉತ್ತರ ಬಂತು ಎಂದು. ಸಭೆಯೇ ನಡೆಯದಿದ್ದರೆ, ಯಾಕೆ ನಡೆಯಲಿಲ್ಲ ಎಂದು ಕೇಳಿ ಅದನ್ನೇ ಬರೆಯಿರಿ. ಹೆಣ್ಣುಮಕ್ಕಳು ಅಮ್ಮನನ್ನೂ ಕರೆದುಕೊಂಡು ಹೋಗಿ.