ಪಂಕ್ತಿಯೂ ಪಾಲೂ



ಈ ಮಹೋತ್ಸವದ ಸಭೆಯಲ್ಲಿ ನಾನು ನಿವೇದಿಸಬೇಕೆಂದಿರುವ ವಿಷಯವು ಸ್ವಲ್ಪ ಕಟುವಾದದ್ದು. ಹುಟ್ಟಿದಂದಿನಿಂದ ಈ ನೆಲದಲ್ಲಿಯೇ ದುಡಿದು ಕಂದಾಯ ತೆತ್ತ ಪ್ರಜೆಗೂ, ಅನುಮತಿಯಿಲ್ಲದೆ ದೇಶದ ಗಡಿಯನ್ನು ದಾಟಿ ಬಂದ ಪರದೇಶೀಯನಿಗೂ ಸರಕಾರದ ಸಹಾಯವು ಸಮವಾಗಿ ಸಲ್ಲಬೇಕೆ ಎಂಬ ಪ್ರಶ್ನೆಯು ಇಂದು ಲೋಕದ ಅನೇಕ ರಾಷ್ಟ್ರಗಳಲ್ಲಿ ಎದ್ದಿರುತ್ತದೆ. ಶಿವಮೊಗ್ಗೆಯ ಸಂತೆಯಲ್ಲಿಯೂ ಭದ್ರಾವತಿಯ ಬೀದಿಗಳಲ್ಲಿಯೂ ಈ ಮಾತು ಕೇಳಿಬರುವುದುಂಟು. "ನಮ್ಮವರಿಗೇ ಇಲ್ಲದಿರುವಾಗ ಹೊರಗಿನವರಿಗೇಕೆ?" ಎಂಬುದೇ ಅದರ ಸಾರ. ಇದನ್ನು ಬರಿಯ ಮತ್ಸರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮಾತಿನ ಹಿಂದೆ ಒಂದು ನೋವಿದೆ. ಆ ನೋವಿಗೆ ಕಾರಣರಾರು ಎಂಬುದನ್ನು ವಿಚಾರಮಾಡಬೇಕಾಗಿದೆ.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳೋಣ. ಮಠದ ದಾಸೋಹದಲ್ಲಿ ಹಸಿದು ಬಂದವನ ಊರು ಕುಲಗಳನ್ನು ಕೇಳುವ ಪದ್ಧತಿಯಿಲ್ಲ. ಆದರೆ ಪಂಕ್ತಿಯಲ್ಲಿ ಉಂಡವರೆಲ್ಲರೂ ಮಠದ ಜಮೀನಿನಲ್ಲಿ ಪಾಲು ಕೇಳಲಾರರು. ಪಂಕ್ತಿಯ ನ್ಯಾಯ ಬೇರೆ, ಪಾಲಿನ ನ್ಯಾಯ ಬೇರೆ. ನಮ್ಮ ರಾಜ್ಯಾಂಗದಲ್ಲಿಯೂ ಈ ಭೇದವುಂಟು. ಅದರ 14ನೆಯ ಮತ್ತು 21ನೆಯ ವಿಧಿಗಳು ಸಮಾನ ರಕ್ಷಣೆಯನ್ನೂ ಜೀವದ ರಕ್ಷಣೆಯನ್ನೂ ಮನುಷ್ಯಮಾತ್ರರಿಗೆ ಕೊಟ್ಟಿವೆ. ಸರಕಾರೀ ಉದ್ಯೋಗದಲ್ಲಿ ಸಮಾನಾವಕಾಶವನ್ನು ಹೇಳುವ 16ನೆಯ ವಿಧಿಯಾದರೋ ಪೌರರಿಗೆ ಮಾತ್ರ ಸಲ್ಲತಕ್ಕದ್ದು. ಅರುಣಾಚಲ ಪ್ರದೇಶದ ಚಕ್ಮಾ ಜನರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಪೌರರಲ್ಲದವರ ಪ್ರಾಣವನ್ನು ರಕ್ಷಿಸುವುದೂ ಸರಕಾರದ ಕರ್ತವ್ಯವೆಂದು ತೀರ್ಪಿತ್ತಿತು. ಆದುದರಿಂದ ಜ್ವರದಿಂದ ನರಳುವವನಿಗೆ ಔಷಧ, ಹಸಿದವನಿಗೆ ಅನ್ನ, ಮಗುವಿಗೆ ಅಕ್ಷರ, ಇವು ಪಂಕ್ತಿಗೆ ಸೇರಿದವು. ಭೂಮಿ, ಉದ್ಯೋಗ, ಮತಾಧಿಕಾರ, ವೃದ್ಧಾಪ್ಯವೇತನ, ಇವು ಪಾಲಿಗೆ ಸೇರಿದವು. ನಿಯಮವನ್ನು ಮೀರಿ ಬಂದವನಿಗೆ ಪಾಲನ್ನು ಕೊಡುವುದಾದರೆ, ನಿಯಮವನ್ನು ಪಾಲಿಸಿ ಬಾಗಿಲಲ್ಲಿ ಕಾದು ನಿಂತವನಿಗೆ ಅನ್ಯಾಯವಾಗುವುದು. ಪ್ರಜೆಗಳಿಗೆ ಸರಕಾರದಲ್ಲಿರುವ ವಿಶ್ವಾಸವೂ ಕುಂದುವುದು.

ಇಷ್ಟಾದ ಮೇಲೆ, ಹೊರಗಿನವನು ಯಾರು, ಒಳಗಿನವನು ಯಾರು ಎಂಬುದನ್ನು ನಿರ್ಣಯಿಸಬೇಕಷ್ಟೆ. ಇದು ನಾವೆಣಿಸಿದಷ್ಟು ಸುಲಭವಲ್ಲ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯನ್ನೇ ನೋಡಿರಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆಯ ಕುಲುಮೆಯು 1923ರಲ್ಲಿ ಹೊತ್ತಿಕೊಂಡಿತು. ಅದರ ಉರಿಯ ಮುಂದೆ ನಿಂತು ದುಡಿಯಲು ತಮಿಳು ತೆಲುಗು ಸೀಮೆಗಳಿಂದಲೂ ಜನರು ಬಂದರು. ಆಗ ಮೈಸೂರು ಸಂಸ್ಥಾನವೇ ಬೇರೆ, ಮದರಾಸು ಪ್ರಾಂತವೇ ಬೇರೆ. "ಮೈಸೂರು ಮೈಸೂರಿನವರಿಗೆ" ಎಂಬ ಕೂಗೂ ಆ ಕಾಲದ್ದೇ. ಇಂದು ಅವರ ಮೊಮ್ಮಕ್ಕಳನ್ನು ಭದ್ರಾವತಿಯವರಲ್ಲವೆಂದು ಯಾರು ಹೇಳಿಯಾರು? ಹಾಗೆಯೇ ಈಗ ಮಲೆನಾಡಿನ ತೋಟಗಳಿಗೆ ಅಸ್ಸಾಮು ಬಂಗಾಳಗಳಿಂದ ಕೂಲಿಗೆ ಬರುವವರ ಮಾತನ್ನು ಕೇಳಿದೊಡನೆಯೇ ಅವರನ್ನು ಬಾಂಗ್ಲಾದೇಶದವರೆಂದು ಶಂಕಿಸುವವರುಂಟು. ಬಂಗಾಳೀ ಭಾಷೆಯು ಭಾರತದ ಭಾಷೆಯೂ ಹೌದು. ಒಬ್ಬನು ಪೌರನೋ ಅಲ್ಲವೋ ಎಂಬುದನ್ನು ಕಾನೂನಿನ ಕ್ರಮದಿಂದ ವಿಚಾರಿಸಿ ನಿಶ್ಚಯಿಸಬೇಕೇ ಹೊರತು, ನಾಲಗೆಯ ಉಚ್ಚಾರದಿಂದ ತೀರ್ಮಾನಿಸಲಾಗದು.

ಇನ್ನು ನಮ್ಮ ಜಿಲ್ಲೆಯ ನೋವಿಗೆ ಬರುತ್ತೇನೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಗಲು, ಮುನ್ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಪ್ರದೇಶವನ್ನು ಶರಾವತಿಯ ನೀರು ಆವರಿಸಿತು. ಸಾಗರ ಹೊಸನಗರ ಸೀಮೆಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮನೆ, ದೇವರ ಗುಡಿ ಎಲ್ಲವನ್ನೂ ಬಿಟ್ಟು ಹೊರಟವು. ಆ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ನಡೆಯಿತು. ನಾಡಿನ ಪಟ್ಟಣಗಳು ಬೆಳಗಿದವು. ಬಿಟ್ಟುಬಂದವರಲ್ಲಿ ಅನೇಕರು ಶಿವಮೊಗ್ಗೆ ಭದ್ರಾವತಿ ಮೊದಲಾದ ತಾಲ್ಲೂಕುಗಳ ಕಾಡಿನಂಚಿನಲ್ಲಿ ನೆಲೆಯೂರಿದರು. ಅವರಿಗೆ ನೆಲವು ದೊರೆಯಿತು. ಹಕ್ಕುಪತ್ರವು ಮಾತ್ರ ದೊರೆಯಲಿಲ್ಲ.

1980ರ ಅರಣ್ಯ ಸಂರಕ್ಷಣಾ ಕಾಯಿದೆಯ ತರುವಾಯ ಕೇಂದ್ರದ ಪೂರ್ವಾನುಮತಿಯಿಲ್ಲದೆ ಆ ನೆಲವನ್ನು ಕೊಡುವಂತಿಲ್ಲವಾಯಿತು. 2006ರ ಅರಣ್ಯಹಕ್ಕು ಕಾಯಿದೆಯು, ಪರಿಶಿಷ್ಟ ಪಂಗಡಗಳಿಗೆ ಸೇರದವರು 2005ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಾಗಿದ್ದುದನ್ನು ತೋರಿಸಬೇಕೆಂದಿತು. 1960ರ ದಶಕದಲ್ಲಿ ಬಂದವರು ಅದನ್ನು ಎಲ್ಲಿಂದ ತಂದು ತೋರಿಸಬೇಕು? ರಾಜ್ಯ ಸರಕಾರವು ಅರಣ್ಯವನ್ನು ಬಿಡಿಸಿಕೊಟ್ಟು ಹೊರಡಿಸಿದ ಆಜ್ಞೆಯೂ ಕೇಂದ್ರದ ಅನುಮತಿಯಿಲ್ಲದ ಕಾರಣ 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಬ್ಯಾಂಕು ಸಾಲಕ್ಕೆ ಪಹಣಿಯನ್ನು ಕೇಳುತ್ತದೆ; ಬೆಳೆನಷ್ಟದ ಪರಿಹಾರವೂ ಪಹಣಿಯನ್ನೇ ಅನುಸರಿಸುತ್ತದೆ. ನಾಡಿಗೆ ಬೆಳಕನ್ನಿತ್ತವನು ತನ್ನ ಜಿಲ್ಲೆಯಲ್ಲಿಯೇ ಒತ್ತುವರಿದಾರನೆನಿಸಿಕೊಂಡನು.

ಇದಕ್ಕೆ ಪ್ರತಿಯಾಗಿ ಕೆಲವರು ಬೈಲುಕುಪ್ಪೆಯನ್ನು ಎತ್ತಿ ತೋರಿಸುತ್ತಾರೆ. 1960ರ ಸುಮಾರಿನಲ್ಲಿ ಮೈಸೂರು ರಾಜ್ಯವು ಅಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು ಮೂರು ಸಾವಿರ ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. "ಪರದೇಶೀಯರಿಗೆ ಭೂಮಿ, ಮನೆಮಕ್ಕಳಿಗೆ ಕಾಡು" ಎಂದು ಮನಸ್ಸು ಕುದಿಯುವುದು ಸಹಜವೇ. ಆದರೆ ಅವರು ಕದ್ದು ನುಗ್ಗಿದವರಲ್ಲ; ಸರಕಾರದ ಅನುಮತಿಯಿಂದ ನೆಲಸಿದವರು. ಅವರಿಗೆ ನೆಲದೊಡನೆ ಕಾಗದವನ್ನೂ ಕೊಟ್ಟ ಸರಕಾರವು ನಮ್ಮವರಿಗೆ ಅದನ್ನು ಕೊಡದೆಹೋಯಿತು. ತಪ್ಪು ಕೊಟ್ಟುದರಲ್ಲಿಲ್ಲ, ಕೊಡದೆ ಬಿಟ್ಟುದರಲ್ಲಿದೆ. ಬೈಲುಕುಪ್ಪೆಯ ಭೂಮಿಯನ್ನು ನಾಳೆ ಕಿತ್ತುಕೊಂಡರೂ ಭದ್ರಾವತಿಯ ಕಾಡಂಚಿನವನಿಗೆ ಒಂದು ಗುಂಟೆಯ ಹಕ್ಕುಪತ್ರವೂ ಬಾರದು. ಋಣವಿರುವುದು ಸರಕಾರದ ಮೇಲೆ. ಅತಿಥಿಯ ಎಲೆಯನ್ನೆಳೆದು ಅದನ್ನು ತೀರಿಸಲಾಗದು.

ಇನ್ನೊಂದು ಮಾತನ್ನು ಗಮನಿಸಬೇಕು. ಕಾಗದವಿಲ್ಲದವನಿಗೆ ಏನೂ ಸಲ್ಲದೆಂಬ ಕಠಿಣ ನಿಯಮವನ್ನು ಪರದೇಶೀಯನಿಗೆಂದು ನಾವು ಮಾಡಿದರೆ, ಅದು ಮೊದಲು ಎರಗುವುದು ನಮ್ಮ ಶರಾವತಿಯ ಸಂತ್ರಸ್ತರ ಮೇಲೆ, ಅಲೆಮಾರಿಗಳ ಮೇಲೆ, ಓದು ಬಾರದ ಮುದುಕಿಯ ಮೇಲೆ. ಕಾಗದವೊಂದೇ ಅಳತೆಗೋಲಾದರೆ ನಮ್ಮವರೇ ಪರದೇಶಿಗಳಾಗುವರು. ಬಾಳು, ದುಡಿಮೆ, ತ್ಯಾಗ ಇವುಗಳಿಗೂ ಸಾಕ್ಷ್ಯದ ಬೆಲೆಯಿರಬೇಕು.

ಆದುದರಿಂದ ನನ್ನ ವಿಜ್ಞಾಪನೆಯು ಇಷ್ಟೇ. ಯಾರನ್ನೂ ಪಂಕ್ತಿಯಿಂದ ಎಬ್ಬಿಸುವುದು ಬೇಡ. ಪಾಲು ನಿಯಮದಂತೆಯೇ ಸಲ್ಲಲಿ; ಅಕ್ರಮವಾಗಿ ಬಂದವರ ವಿಷಯವನ್ನು ನ್ಯಾಯದ ಕ್ರಮವು ನಿರ್ಣಯಿಸಲಿ. ಆದರೆ ಎಲ್ಲಕ್ಕಿಂತ ಮೊದಲು, ಅರವತ್ತು ವರ್ಷಗಳಿಂದ ಬಾಕಿಯಿರುವ ಋಣವನ್ನು ರಾಜ್ಯವೂ ಕೇಂದ್ರವೂ ಕೂಡಿ ತೀರಿಸಲಿ. ತನ್ನ ಪಾಲು ತನಗೆ ದೊರೆತವನು ಪಕ್ಕದವನ ಎಲೆಯನ್ನು ನೋಡಿ ಕರುಬುವುದಿಲ್ಲ. ಈ ವಿಚಾರವನ್ನು ಪ್ರಾಜ್ಞರಾದ ತಾವೆಲ್ಲರೂ ಪರ್ಯಾಲೋಚಿಸಬೇಕೆಂದು ಬಿನ್ನವಿಸಿಕೊಳ್ಳುತ್ತೇನೆ.